ಮೆಟ್ರೊ ಮಾತು ಆಮೇಲೆ, ಲೇಔಟ್ ಎಲ್ಲಿ ಏಳ್ತಿದೆ ಅಂತ ಮೊದಲು ನೋಡಿ

ತುಮಕೂರಿನಲ್ಲಿ ನಾಲ್ಕು ಜನ ಸೇರಿದರೆ ಈಗ ಮೆಟ್ರೊ ಮಾತು ಬಂದೇ ಬರುತ್ತೆ. 2024ರ ಫೆಬ್ರುವರಿಯ ರಾಜ್ಯ ಬಜೆಟ್‌ನಲ್ಲಿ ಬೆಂಗಳೂರಿನ ಮಾದಾವರದಿಂದ ತುಮಕೂರಿನವರೆಗೆ ಮೆಟ್ರೊ ವಿಸ್ತರಿಸಲು ಸಾಧ್ಯವೇ ಅಂತ ಅಧ್ಯಯನ ಮಾಡಿಸುವ ಪ್ರಸ್ತಾಪ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ ಹಸಿರು ಮಾರ್ಗದ ರೈಲು ಮಾದಾವರದವರೆಗೆ ಓಡಲು ಶುರುವಾದಾಗ ಆಸೆ ಇನ್ನೂ ಹೆಚ್ಚಾಯಿತು. ಸುಮಾರು 60 ಕಿ.ಮೀ. ಮಾರ್ಗ, 20 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಖರ್ಚು ಅನ್ನೋದು ಈಗ ಓಡಾಡುತ್ತಿರುವ ಅಂದಾಜು. ಬೇಕು ಅನ್ನೋರು ಒಂದು ಕಡೆ, ದುಡ್ಡು ದಂಡ ಅನ್ನೋರು ಇನ್ನೊಂದು ಕಡೆ.

ನನ್ನ ತಕರಾರು ಬೇರೆಯದೇ ಇದೆ. ಮುಂದಿನ ಮೂವತ್ತು ವರ್ಷ ತುಮಕೂರು, ಗುಬ್ಬಿ, ಕುಣಿಗಲ್‌ನ ಜನ ಹೇಗೆ ಓಡಾಡಬೇಕು ಅನ್ನೋದು ಮೆಟ್ರೊ ಫೈಲಿನಲ್ಲಿ ತೀರ್ಮಾನ ಆಗ್ತಿಲ್ಲ. ಯಾವ ಸರ್ವೆ ನಂಬರಿಗೆ ಭೂ ಪರಿವರ್ತನೆ ಕೊಟ್ಟರು, ಯಾವ ತೋಟದಲ್ಲಿ ಲೇಔಟ್ ಎದ್ದಿತು, ಹೊಸ ಕಾಲೇಜನ್ನು ಎಲ್ಲಿ ಕಟ್ಟಿದರು ಅನ್ನೋ ಸಣ್ಣ ಸಣ್ಣ ಫೈಲುಗಳಲ್ಲಿ ಆಗ್ತಿದೆ. ಮೆಟ್ರೊಗೆ ಹತ್ತು ವರ್ಷ ಬೇಕಾಗಬಹುದು. ಲೇಔಟ್‌ಗೆ ಕಲ್ಲು ನೆಡೋಕೆ ಹತ್ತು ದಿನ ಸಾಕು.

ಒಂದು ಬಸ್ ಸ್ಟಾಪಿನ ಲೆಕ್ಕ

ಬಸ್ ಯಾಕೆ ಬರಲ್ಲ ಅಂತ ಕೇಳಿದರೆ ಸಿಗೋ ಉತ್ತರ ಸಾಮಾನ್ಯವಾಗಿ ಒಂದೇ: "ಜನ ಇಲ್ಲ, ಕಲೆಕ್ಷನ್ ಆಗಲ್ಲ." ಇದು ನೆಪ ಮಾತ್ರ ಅಲ್ಲ, ಇದರ ಹಿಂದೆ ಒಂದು ಲೆಕ್ಕ ಇದೆ. ಕೂತು ಮಾಡೋಣ.

ಬಿಸಿಲಲ್ಲಿ, ಮಳೆಯಲ್ಲಿ ಜನ ಬಸ್ಸಿಗಾಗಿ ನಡೆದು ಬರೋದು ಹೆಚ್ಚೆಂದರೆ ಅರ್ಧ ಕಿಲೋಮೀಟರ್. ಒಂದು ಸ್ಟಾಪಿನ ಸುತ್ತ ಅರ್ಧ ಕಿ.ಮೀ. ವೃತ್ತ ಎಳೆದರೆ ಒಳಗೆ ಸಿಗೋದು ಸುಮಾರು 190 ಎಕರೆ. ರಸ್ತೆ, ಪಾರ್ಕು, ಸಿಎ ಸೈಟು ಎಲ್ಲ ಕಳೆದರೆ ಎಕರೆಗೆ 30x40 ಅಳತೆಯ ಸುಮಾರು 20 ಸೈಟು ಬೀಳುತ್ತೆ. ಒಟ್ಟು 3,800 ಸೈಟು. ಪ್ರತಿ ಸೈಟಿನಲ್ಲಿ ಒಂದು ಮನೆ, ಮನೆಗೆ ನಾಲ್ಕು ಜನ ಅಂದರೆ 15,200 ಜನ. ಇವರಲ್ಲಿ ಹತ್ತರಲ್ಲಿ ಒಬ್ಬರು ದಿನಾ ಬಸ್ಸಲ್ಲಿ ಹೋಗಿ ಬಂದರೂ ದಿನಕ್ಕೆ 3,040 ಪ್ರಯಾಣ. ಹದಿನಾರು ಗಂಟೆಗೆ ಹಂಚಿದರೆ ಗಂಟೆಗೆ 190 ಜನ. ಈ ಒಂದು ಸ್ಟಾಪೇ ಹದಿನೈದು ನಿಮಿಷಕ್ಕೊಂದು ಬಸ್ ಸಾಕುತ್ತೆ.

ಈಗ ಅದೇ ಲೇಔಟ್‌ನಲ್ಲಿ ಐದು ಸೈಟಿಗೆ ಒಂದರಲ್ಲಿ ಮಾತ್ರ ಮನೆ ಇದೆ ಅಂದುಕೊಳ್ಳಿ. ಮಿಕ್ಕ ನಾಲ್ಕು ಸೈಟು "ಇನ್ವೆಸ್ಟ್‌ಮೆಂಟ್". ಗಂಟೆಗೆ 190 ಇದ್ದದ್ದು 38ಕ್ಕೆ ಇಳಿಯುತ್ತೆ, ಅದೂ ಎರಡೂ ದಿಕ್ಕು ಸೇರಿ. ಡಿಪೊ ಮ್ಯಾನೇಜರ್ ಎಷ್ಟೇ ಒಳ್ಳೆಯವರಾಗಿದ್ದರೂ ಅಲ್ಲಿಗೆ ಗಂಟೆಗೊಂದು ಬಸ್ ಬಿಟ್ಟರೆ ಹೆಚ್ಚು. ಗಂಟೆಗೊಂದು ಬಸ್ ಇರೋ ಕಡೆ ಕೈಗೆ ಸ್ವಲ್ಪ ಕಾಸು ಬಂದ ಕೂಡಲೇ ಜನ ಸ್ಕೂಟರ್ ತಗೋತಾರೆ. ಆಗ 38 ಇದ್ದದ್ದು 20 ಆಗುತ್ತೆ. ಬಸ್ ನಿಲ್ಲುತ್ತೆ.

ಇದು ನಾನು ಉದಾಹರಣೆಗೆ ಹಾಕಿದ ಲೆಕ್ಕ. ಊರಿಂದ ಊರಿಗೆ ಸಂಖ್ಯೆ ಬದಲಾಗುತ್ತೆ, ಸೂತ್ರ ಬದಲಾಗಲ್ಲ. ಖಾಲಿ ಸೈಟು ಬಸ್ಸಿನ ಮೊದಲ ಶತ್ರು. ತುಮಕೂರಿನ ಸುತ್ತ ಹೊರಟರೆ ಕಲ್ಲು ನೆಟ್ಟು, ಕಮಾನು ಕಟ್ಟಿ, ಒಳಗೆ ಪಾರ್ಥೇನಿಯಂ ಬೆಳೆದ ಲೇಔಟ್‌ಗಳು ಎಷ್ಟು ಸಿಗುತ್ತವೆ ಅಂತ ನಿಮಗೇ ಗೊತ್ತಿದೆ. ಮೆಟ್ರೊ ಸುದ್ದಿ ಬಂದಷ್ಟೂ ಇವು ಹೆಚ್ಚಾಗುತ್ತವೆ. ಮೆಟ್ರೊ ಹೆಸರಲ್ಲಿ ಮಾರಾಟವಾಗುವ ಖಾಲಿ ಸೈಟೇ ನಾಳೆ ಮೆಟ್ರೊಗೂ ಬಸ್ಸಿಗೂ ಜನ ಸಿಗದ ಹಾಗೆ ಮಾಡುತ್ತೆ.

ಐದು ರಸ್ತೆ, ಎರಡು ರೈಲು ಮಾರ್ಗ

ನಕ್ಷೆ ಒಂದು ಸಲ ತೆಗೆದು ನೋಡಿ. ತುಮಕೂರು ಅಂಗೈ ಇದ್ದ ಹಾಗಿದೆ. ಬೆಂಗಳೂರು ಕಡೆಗೆ, ಕುಣಿಗಲ್ ಕಡೆಗೆ, ಗುಬ್ಬಿ–ತಿಪಟೂರು ಕಡೆಗೆ, ಶಿರಾ ಕಡೆಗೆ, ಕೊರಟಗೆರೆ–ಮಧುಗಿರಿ ಕಡೆಗೆ ಐದು ರಸ್ತೆ ಬೆರಳಿನ ಹಾಗೆ ಹೊರಟಿವೆ. ನಡುವೆ ಕೆರೆಗಳು, ತೆಂಗಿನ ತೋಟ, ಒಂದು ಕಡೆ ದೇವರಾಯನದುರ್ಗದ ಕಾಡು. ಸಾರ್ವಜನಿಕ ಸಾರಿಗೆಗೆ ಇಷ್ಟು ಹೊಂದುವ ಆಕಾರ ಎಲ್ಲ ಊರಿಗೂ ಸಿಗಲ್ಲ.

ಗುಬ್ಬಿ ತುಮಕೂರಿನಿಂದ ಸುಮಾರು 20 ಕಿ.ಮೀ. ನಮ್ಮ ಬಿ.ಎಚ್. ರಸ್ತೆಯೇ, ಅಂದರೆ ಹಳೆಯ ಬೆಂಗಳೂರು–ಹೊನ್ನಾವರ ರಸ್ತೆಯೇ, ಅಲ್ಲಿಗೆ ಹೋಗುತ್ತೆ. ಪಕ್ಕದಲ್ಲೇ ಬೆಂಗಳೂರು–ಅರಸೀಕೆರೆ ರೈಲು ಮಾರ್ಗ ಇದೆ. ಗುಬ್ಬಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಗುಬ್ಬಿ ವೀರಣ್ಣನವರು ಹುಟ್ಟುವ ಹೊತ್ತಿಗೇ ಆ ಊರಿನಲ್ಲಿ ರೈಲಿನ ಸದ್ದಿತ್ತು.

ಕುಣಿಗಲ್ ಕಥೆ ಬೇರೆ. ಅದು ತುಮಕೂರು ಜಿಲ್ಲೆಯಲ್ಲೇ ಇದ್ದರೂ ಮುಖ ಬೆಂಗಳೂರಿನ ಕಡೆಗಿದೆ. ಬೆಂಗಳೂರು–ಮಂಗಳೂರು ಹೆದ್ದಾರಿ ಅಲ್ಲೇ ಹಾದು ಹೋಗುತ್ತೆ. 2017ರಲ್ಲಿ ಬೆಂಗಳೂರು–ಹಾಸನ ರೈಲು ಮಾರ್ಗ ಪೂರ್ಣಗೊಂಡಾಗ ಕುಣಿಗಲ್ ಅದರ ಮೇಲೊಂದು ನಿಲ್ದಾಣ ಆಯಿತು. ಆದರೆ ಆ ಹಳಿ ಚಿಕ್ಕಬಾಣಾವರದಲ್ಲಿ ಕವಲೊಡೆದು ನೆಲಮಂಗಲ, ಸೋಲೂರು ಮೇಲೆ ಬರೋದು. ಕುಣಿಗಲ್‌ನಿಂದ ಜಿಲ್ಲಾ ಕೇಂದ್ರಕ್ಕೆ ರೈಲಲ್ಲಿ ಹೋಗಬೇಕು ಅಂದರೆ ಮೊದಲು ಬೆಂಗಳೂರಿನ ಅಂಚಿಗೆ ಹೋಗಿ ರೈಲು ಬದಲಾಯಿಸಬೇಕು. ಹೀಗಾಗಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾಸ್ಪತ್ರೆ, ವಿಶ್ವವಿದ್ಯಾಲಯ ಯಾವುದಕ್ಕೇ ಆದರೂ ಹೆಬ್ಬೂರು, ಗೂಳೂರು ಮೇಲೆ ಬರುವ ರಸ್ತೆಯೇ ಗತಿ.

ಅಂದರೆ ಎರಡು ಊರಿಗೂ ಒಂದೇ ಮದ್ದು ಹೊಂದಲ್ಲ. ಗುಬ್ಬಿಗೆ ರೈಲು ಇದೆ. ಅದರ ಸುತ್ತ ಊರು ಬೆಳೆಯಬೇಕು. ಕುಣಿಗಲ್–ತುಮಕೂರು ನಡುವೆ ಬಸ್ಸೇ ರೈಲಿನ ಕೆಲಸ ಮಾಡಬೇಕು. ಆ ಬಸ್ಸಿಗೆ ಜನ ಸಿಗೋ ಹಾಗೆ ರಸ್ತೆಯುದ್ದಕ್ಕೂ ಊರುಗಳು ಗಟ್ಟಿಯಾಗಬೇಕು.

ಕೆಲಸ ಒಂದು ದಿಕ್ಕು, ಕಾಲೇಜು ಇನ್ನೊಂದು ದಿಕ್ಕು

ಮನೆ ಎಲ್ಲಿದೆ ಅನ್ನೋದು ಅರ್ಧ ಲೆಕ್ಕ. ಜನ ಎಲ್ಲಿಗೆ ಹೋಗಬೇಕು ಅನ್ನೋದು ಇನ್ನರ್ಧ.

ಶಿರಾ ದಿಕ್ಕಿನ ವಸಂತನರಸಾಪುರ ಈಗ ಜಿಲ್ಲೆಯ ದೊಡ್ಡ ಕೈಗಾರಿಕಾ ಪ್ರದೇಶ. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ಭಾಗವಾಗಿ ಬರುತ್ತಿರುವ ತುಮಕೂರು ಕೈಗಾರಿಕಾ ಟೌನ್‌ಶಿಪ್‌ನ ವಿಸ್ತೀರ್ಣ ಮೂರು ಹಂತ ಸೇರಿ 8,484 ಎಕರೆ. ಅದಕ್ಕೆ 2023ರ ಫೆಬ್ರುವರಿ 6ರಂದು ಶಂಕುಸ್ಥಾಪನೆ ಆಯಿತು. ಅದೇ ದಿನ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಕುಣಿಗಲ್ ಕಡೆ ಅಂಚೆಪಾಳ್ಯದಲ್ಲಿ ಮತ್ತೊಂದು ಕೈಗಾರಿಕಾ ಪ್ರದೇಶ. ತುಮಕೂರು ವಿಶ್ವವಿದ್ಯಾಲಯದ ಹೊಸ ಜ್ಞಾನಸಿರಿ ಕ್ಯಾಂಪಸ್ ನಗರದ ಹೊರಗೆ ಬಿದರಕಟ್ಟೆಯಲ್ಲಿ.

ಒಂದೊಂದನ್ನೇ ನೋಡಿದರೆ ತಪ್ಪಿಲ್ಲ. ಜಾಗ ಅಲ್ಲಿ ಸಿಕ್ಕಿತು, ಅಗ್ಗವಾಗಿ ಸಿಕ್ಕಿತು, ಕಟ್ಟಿದರು. ಒಟ್ಟಾಗಿ ನೋಡಿ: ಕೆಲಸ ಒಂದು ಬೆರಳಿನ ತುದಿಯಲ್ಲಿ, ಓದು ಇನ್ನೊಂದರ ತುದಿಯಲ್ಲಿ, ಮನೆ ಮೂರನೆಯದರಲ್ಲಿ. ಬೆಳಗ್ಗೆ ಒಂದು ದಿಕ್ಕಿಗೆ ಉಸಿರಾಡೋಕೂ ಜಾಗ ಇಲ್ಲದ ಬಸ್ ವಾಪಸ್ ಬರುವಾಗ ಖಾಲಿ ಬರುತ್ತೆ. ಡೀಸೆಲ್ ಎರಡೂ ಕಡೆಗೆ ಒಂದೇ.

ಹೆಬ್ಬೂರು ಪಕ್ಕದ ಒಂದು ಹಳ್ಳಿಯ ಹುಡುಗಿಗೆ ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು ಅಂದುಕೊಳ್ಳಿ. ಶಕ್ತಿ ಯೋಜನೆ 2023ರ ಜೂನ್ 11ರಿಂದ ಅವಳ ಟಿಕೆಟ್ ಉಚಿತ ಮಾಡಿದೆ. ಆದರೆ ತುಮಕೂರಿಗೆ ಒಂದು ಬಸ್, ಅಲ್ಲಿಂದ ಇನ್ನೊಂದು ಬಸ್, ಆಮೇಲೆ ಕೈಗಾರಿಕಾ ಪ್ರದೇಶದ ಒಳಗೆ ಎರಡು ಮೂರು ಕಿಲೋಮೀಟರ್. ಶಿಫ್ಟ್ ಮುಗಿಯೋದು ರಾತ್ರಿ ಹತ್ತಕ್ಕೆ. ಅವಳ ಮನೆಯವರು ಕೇಳೋದು ಸಂಬಳ ಎಷ್ಟು ಅಂತ ಅಲ್ಲ, ರಾತ್ರಿ ಹೇಗೆ ಬರ್ತೀಯಾ ಅಂತ. ಉಚಿತ ಟಿಕೆಟ್ ಆ ಪ್ರಶ್ನೆಗೆ ಉತ್ತರ ಕೊಡಲ್ಲ. ಹುಡುಗನಾದರೆ ಸಾಲ ಮಾಡಿ ಬೈಕ್ ತಗೋತಾನೆ, ಸಂಬಳದ ಮೊದಲ ಪಾಲು ಇಎಂಐಗೆ ಹೋಗುತ್ತೆ. ಕಾರ್ಖಾನೆ ಎಲ್ಲಿರಬೇಕು, ಕೆಲಸಗಾರರ ಮನೆ ಎಲ್ಲಿರಬೇಕು ಅನ್ನೋದನ್ನು ಬೇರೆ ಬೇರೆ ಟೇಬಲ್‌ಗಳಲ್ಲಿ ತೀರ್ಮಾನಿಸಿದ್ದರ ಖರ್ಚು ಹೀಗೆ ಇವರಿಬ್ಬರ ತಲೆಗೆ ಬೀಳುತ್ತೆ.

ಹುಬ್ಬಳ್ಳಿ–ಧಾರವಾಡ, ಮತ್ತೆ ಒಂದು ಅಂಗೈ

ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. ಹುಬ್ಬಳ್ಳಿ–ಧಾರವಾಡ ನಡುವೆ ಸುಮಾರು 22 ಕಿ.ಮೀ. ಬಿಆರ್‌ಟಿಎಸ್. ಪ್ರಾಯೋಗಿಕವಾಗಿ 2018ರ ಅಕ್ಟೋಬರ್‌ನಲ್ಲಿ ಶುರುವಾಗಿ, 2020ರ ಫೆಬ್ರುವರಿಯಲ್ಲಿ ಅಧಿಕೃತವಾಗಿ ಉದ್ಘಾಟನೆಯಾಯಿತು. ಆ ಯೋಜನೆ ಬಗ್ಗೆ ದೂರುಗಳು ಸಾಕಷ್ಟಿವೆ. ಆದರೂ 'ಚಿಗರಿ' ಬಸ್ಸಿಗೆ ಜನ ಯಾಕೆ ಸಿಕ್ಕರು ಅಂತ ಕೇಳಿಕೊಳ್ಳಿ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ, ವಿದ್ಯಾನಗರದ ಕಾಲೇಜುಗಳು, ಉಣಕಲ್, ನವನಗರ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಎಲ್ಲ ಒಂದೇ ಪಿ.ಬಿ. ರಸ್ತೆಯ ಉದ್ದಕ್ಕೂ ಇವೆ. ಬೆಳಗ್ಗೆ ಇಲ್ಲಿಂದ ಅಲ್ಲಿಗೂ ಜನ, ಅಲ್ಲಿಂದ ಇಲ್ಲಿಗೂ ಜನ. ಬಸ್ಸಿಗೆ ಬೇಕಾದದ್ದು ಅದೇ.

ಅಂಗೈ ಹೋಲಿಕೆ ನಾನು ಮೊದಲು ಹೇಳಿದ್ದಲ್ಲ. ಡೆನ್ಮಾರ್ಕ್‌ನ ಕೋಪನ್‌ಹೇಗನ್ 1947ರಲ್ಲೇ 'ಬೆರಳು ಯೋಜನೆ' ಅಂತ ಒಂದು ನಕ್ಷೆ ಮಾಡಿತು. ನಗರ ಬೆಳೆಯೋದಾದರೆ ಉಪನಗರ ರೈಲು ಹೋಗುವ ಐದು ಬೆರಳುಗಳ ಉದ್ದಕ್ಕೆ ಬೆಳೆಯಲಿ, ಬೆರಳುಗಳ ಸಂದಿಯಲ್ಲಿ ಹೊಲ, ಕಾಡು, ಬಯಲು ಉಳಿಯಲಿ ಅಂತ. ಮುಂದೆ ಅದಕ್ಕೆ ಕಾನೂನಿನ ಬಲವೂ ಬಂತು. ದೊಡ್ಡ ಕಚೇರಿ ಕಟ್ಟಡಗಳು ನಿಲ್ದಾಣದಿಂದ 600 ಮೀಟರ್ ಒಳಗೇ ಇರಬೇಕು ಅನ್ನೋ ನಿಯಮ ಅಲ್ಲಿದೆ. ಶ್ರೀಮಂತ ದೇಶ, ನಮಗೂ ಅವರಿಗೂ ಎಲ್ಲಿಯ ಸಾಟಿ ಅಂತ ನೀವು ಹೇಳಬಹುದು. ಆದರೆ ಈ ನಿಯಮಕ್ಕೆ ದುಡ್ಡು ಬೇಕಿಲ್ಲ. ಅನುಮತಿ ಪತ್ರಕ್ಕೆ ಸಹಿ ಹಾಕುವವರು "ಇಲ್ಲಿ ಅಲ್ಲ, ಅಲ್ಲಿ" ಅಂತ ಹೇಳಿದರೆ ಸಾಕು.

ಹಾಗೆ ಹೇಳುವವರು ಯಾರು?

ಸಮಸ್ಯೆ ಇಲ್ಲಿದೆ. ತುಮಕೂರು ನಗರದ ಮಾಸ್ಟರ್ ಪ್ಲಾನ್ ನಗರಾಭಿವೃದ್ಧಿ ಪ್ರಾಧಿಕಾರದ್ದು, ಅಂದರೆ ಟೂಡಾದ್ದು. ಭೂ ಪರಿವರ್ತನೆ ಜಿಲ್ಲಾಧಿಕಾರಿಯದ್ದು. ಕೈಗಾರಿಕಾ ಜಾಗ ಕೆಐಎಡಿಬಿಯದ್ದು. ಬಸ್ ಕೆಎಸ್‌ಆರ್‌ಟಿಸಿಯದ್ದು, ರೈಲು ಕೇಂದ್ರದ್ದು, ಮೆಟ್ರೊ ಬಿಎಂಆರ್‌ಸಿಎಲ್‌ನದ್ದು. ಪಂಚಾಯಿತಿ ವ್ಯಾಪ್ತಿಯ ಖಾತೆ ಪಂಚಾಯಿತಿಯದ್ದು. ಎಲ್ಲರ ಕೈಯಲ್ಲೂ ಒಂದೊಂದು ತುಂಡು. ಬೆಂಗಳೂರಿಗೆ ಭೂ ಸಾರಿಗೆ ಪ್ರಾಧಿಕಾರ ರಚಿಸಲು 2022ರಲ್ಲಿ ಕಾಯ್ದೆ ಮಾಡಿದರು. ತುಮಕೂರು–ಗುಬ್ಬಿ–ಕುಣಿಗಲ್ ಅನ್ನೋ ಪ್ರದೇಶಕ್ಕೆ ಅಂಥದ್ದಿಲ್ಲ.

ಇಡೀ ಜಿಲ್ಲೆಯನ್ನು ಒಂದೇ ನಕ್ಷೆಯಲ್ಲಿ ನೋಡುವ ಕೆಲಸಕ್ಕೆ ಸಂವಿಧಾನದಲ್ಲೇ ಒಂದು ವೇದಿಕೆ ಇದೆ. 74ನೇ ತಿದ್ದುಪಡಿಯ 243ಝಡ್‌ಡಿ ವಿಧಿ ಪ್ರತಿ ಜಿಲ್ಲೆಗೂ ಜಿಲ್ಲಾ ಯೋಜನಾ ಸಮಿತಿ ಇರಬೇಕು ಅನ್ನುತ್ತೆ. ಪಂಚಾಯಿತಿಗಳ ಯೋಜನೆ, ಪಟ್ಟಣಗಳ ಯೋಜನೆ ಎರಡನ್ನೂ ಒಟ್ಟಿಗೆ ಕೂರಿಸಿ ಜಿಲ್ಲೆಗೊಂದು ಕರಡು ಮಾಡೋದು ಅದರ ಕೆಲಸ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳ ಚುನಾಯಿತರ ಪೈಕಿಯೇ ಆಯ್ಕೆಯಾಗಬೇಕು.

ಕರ್ನಾಟಕದಲ್ಲಿ 2016ರಲ್ಲಿ ಗೆದ್ದ ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಮೀಸಲಾತಿ, ಕ್ಷೇತ್ರ ಮರುವಿಂಗಡಣೆ, ಕೋರ್ಟು ಅಂತ ಚುನಾವಣೆ ವರ್ಷಗಟ್ಟಲೆ ಮುಂದೆ ಹೋಯಿತು. ಎರಡೂ ಬಗೆಯ ಸರ್ಕಾರಗಳು ಬಂದು ಹೋದವು, ಯಾರಿಗೂ ಅವಸರ ಇರಲಿಲ್ಲ. ಗುಬ್ಬಿಯವರು, ಕುಣಿಗಲ್‌ನವರು, ತುಮಕೂರಿನವರು ಒಟ್ಟಿಗೆ ಕೂತು "ನಮ್ಮ ಊರು ಎತ್ತ ಬೆಳೆಯಬೇಕು" ಅಂತ ಕೇಳಬಹುದಾಗಿದ್ದ ಮೇಜಿನ ಸುತ್ತ ಕುರ್ಚಿಗಳು ಖಾಲಿ. ಜಿಲ್ಲಾ ಪಂಚಾಯಿತಿ ಚುನಾವಣೆ ಅನ್ನೋದು ಹಳ್ಳಿ ರಾಜಕಾರಣಿಗಳ ತಲೆನೋವು ಅಂತ ಅಂದುಕೊಂಡವರು ತಮ್ಮ ಬಸ್ ಯಾಕೆ ಬರಲ್ಲ ಅನ್ನೋದನ್ನು ಇಲ್ಲಿಂದಲೂ ಯೋಚಿಸಬೇಕು.

ಏನು ಮಾಡಬಹುದು?

ಮೊದಲನೆಯದು, ಲೇಔಟ್ ಅನುಮತಿಗೂ ಬಸ್ ಮಾರ್ಗಕ್ಕೂ ಗಂಟು ಹಾಕಬೇಕು. ಓಡುತ್ತಿರುವ ಬಸ್ ಮಾರ್ಗದಿಂದ ಅಥವಾ ರೈಲು ನಿಲ್ದಾಣದಿಂದ ನಡೆದು ಹೋಗುವ ದೂರದಲ್ಲಿರುವ ಜಮೀನಿಗೆ ಮೊದಲ ಆದ್ಯತೆ. ಲೇಔಟ್ ಒಳಗಿನ ರಸ್ತೆ ಪಕ್ಕದ ಲೇಔಟ್ ರಸ್ತೆಗೆ ಕೂಡಬೇಕು. ನಾಲ್ಕು ಕಡೆ ಕಾಂಪೌಂಡ್ ಹಾಕಿದ ಬಡಾವಣೆಯೊಳಗೆ ಬಸ್ ತಿರುಗಲ್ಲ, ನಡೆಯುವವರೂ ಸುತ್ತಿ ಬಳಸಿ ಬರಬೇಕಾಗುತ್ತೆ.

ಎರಡನೆಯದು, ಗುಬ್ಬಿ ನಿಲ್ದಾಣದ ಸುತ್ತ ಮೂರು ನಾಲ್ಕು ಅಂತಸ್ತಿನ ಮನೆ, ಕೆಳಗೆ ಅಂಗಡಿ, ಬಾಡಿಗೆ ಮನೆ, ಮಹಿಳಾ ಹಾಸ್ಟೆಲ್‌ಗೆ ಸುಲಭವಾಗಿ ಅನುಮತಿ ಸಿಗಬೇಕು. ಅಲ್ಲಿ ಜನ ಬಂದರೆ "ಇನ್ನೊಂದು ರೈಲು ಕೊಡಿ" ಅಂತ ಕೇಳೋಕೆ ಬಲ ಬರುತ್ತೆ. ಜೋಡಿ ಹಳಿ, ವಿದ್ಯುತ್ ಮಾರ್ಗ ತುಮಕೂರಿನವರೆಗೆ ಈಗಾಗಲೇ ಇದೆ. ಗಂಟೆಗೆ 40 ಕಿ.ಮೀ. ಸರಾಸರಿ ಹಿಡಿದರೂ ಮೆಟ್ರೊದಲ್ಲಿ ಮಾದಾವರ ಮುಟ್ಟೋಕೇ ಒಂದೂವರೆ ಗಂಟೆ. ಮೆಜೆಸ್ಟಿಕ್ ಇನ್ನೂ ಮುಂದೆ. ಇರುವ ಹಳಿಯಲ್ಲಿ ರೈಲು ಹೆಚ್ಚಿಸೋದು ಬೇಗ ಕೈಗೆ ಸಿಗೋ ಹಣ್ಣು.

ಮೂರನೆಯದು, ಕುಣಿಗಲ್ ರಸ್ತೆ. ಗೂಳೂರು, ಹೆಬ್ಬೂರಿನಂಥ ಊರುಗಳನ್ನು ಗುರುತಿಸಿ ಶಾಲೆ, ಆಸ್ಪತ್ರೆ, ಬ್ಯಾಂಕು, ಮನೆ ಎಲ್ಲ ಅಲ್ಲೇ ಒತ್ತಾಗಿ ಬೆಳೆಯಲಿ. ಎರಡು ಊರಿನ ನಡುವಿನ ಹೊಲ ಹೊಲವಾಗಿಯೇ ಇರಲಿ. ರಸ್ತೆಯುದ್ದಕ್ಕೂ ಒಂದೊಂದು ಎಕರೆ ಚೆಲ್ಲಿದ ಹಾಗೆ ಲೇಔಟ್ ಬಂದರೆ ಬಸ್ ಅರ್ಧ ಕಿಲೋಮೀಟರಿಗೊಮ್ಮೆ ಒಬ್ಬೊಬ್ಬರಿಗಾಗಿ ನಿಲ್ಲಬೇಕು. ಕುಣಿಗಲ್ ಕಡೆ ಇದು ತುರ್ತು. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಪಟ್ಟಿ ಮಾಡಿದ ಮೂರು ಜಾಗಗಳಲ್ಲಿ ಒಂದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿದೆ. ವಿಮಾನ ಬರುತ್ತೋ ಬಿಡುತ್ತೋ, ಸೈಟಿನ ಬೋರ್ಡು ಬಂದಾಗಿದೆ.

ನಾಲ್ಕನೆಯದು, ಸರ್ಕಾರವೇ ಮಾದರಿ ಆಗಲಿ. ಹೊಸ ಕಾಲೇಜು, ಆಸ್ಪತ್ರೆ, ಕಚೇರಿ, ವಸತಿ ಯೋಜನೆ ಯಾವುದನ್ನೂ "ಗೋಮಾಳ ಸಿಕ್ಕಿತು" ಅನ್ನೋ ಒಂದೇ ಕಾರಣಕ್ಕೆ ಊರಾಚೆ ಕಟ್ಟಬಾರದು. ಜಾಗ ಉಚಿತ ಇರಬಹುದು, ಅಲ್ಲಿಗೆ ದಿನಾ ಹೋಗಿ ಬರುವ ಖರ್ಚು ಐವತ್ತು ವರ್ಷ ಜನರದ್ದು.

ಎರಡು ನ್ಯಾಯವಾದ ಆಕ್ಷೇಪಗಳು

ಬೆರಳಿನ ಸಂದಿಯಲ್ಲಿ ಜಮೀನಿರುವ ರೈತರು ಕೇಳ್ತಾರೆ: "ರಸ್ತೆ ಪಕ್ಕದವನು ಕೋಟಿ ಎಣಿಸಲಿ, ನಾನು ಮಾತ್ರ ತೆಂಗಿನಕಾಯಿ ಎಣಿಸ್ತಾ ಕೂರಬೇಕಾ?" ಸರಿಯಾದ ಪ್ರಶ್ನೆ. ಒಂದು ಗೆರೆ ಎಳೆದು ಒಬ್ಬರನ್ನು ಶ್ರೀಮಂತರನ್ನಾಗಿ ಮಾಡಿ ಇನ್ನೊಬ್ಬರ ಬಾಗಿಲು ಮುಚ್ಚೋದು ಯೋಜನೆ ಅಲ್ಲ. ನಿಲ್ದಾಣದ ಸುತ್ತ ಹೆಚ್ಚು ಅಂತಸ್ತಿಗೆ ಅನುಮತಿ ಕೊಟ್ಟಾಗ ಬರುವ ಲಾಭದಲ್ಲಿ ಒಂದು ಪಾಲು ವಸೂಲಿ ಮಾಡಿ ಬಸ್ಸಿಗೂ, ಕೃಷಿಯಾಗಿಯೇ ಉಳಿಸಿಕೊಂಡ ಜಮೀನಿನ ರೈತರಿಗೂ ಹಂಚುವ ದಾರಿ ಹುಡುಕಬೇಕು. ರೈತರನ್ನು ಪಾಲುದಾರರನ್ನಾಗಿ ಮಾಡಿ ಅಭಿವೃದ್ಧಿಪಡಿಸಿದ ಸೈಟುಗಳಲ್ಲೇ ಪಾಲು ಕೊಡುವ ಪದ್ಧತಿ ನಮ್ಮಲ್ಲಿ ಇದೆ. 50:50 ಅಂದ ಕೂಡಲೇ ಮೈಸೂರಿನ ಮುಡಾ ವಿವಾದ ನೆನಪಾಗುತ್ತೆ, ನಿಜ. ಅದಕ್ಕೇ ಯಾರಿಗೆ ಯಾವ ಸೈಟು ಹೋಯಿತು ಅನ್ನೋ ಪಟ್ಟಿ ಎಲ್ಲರ ಕಣ್ಣಿಗೂ ಕಾಣೋ ಹಾಗಿರಬೇಕು.

ಎರಡನೆಯ ಆಕ್ಷೇಪ ಬಾಡಿಗೆಯದ್ದು. ಬಸ್ಸು, ರೈಲು ಚೆನ್ನಾಗಿರುವ ಕಡೆ ಬಾಡಿಗೆ ಏರುತ್ತೆ, ಅವುಗಳನ್ನೇ ನಂಬಿದ ಬಡವರು ದೂರ ಹೋಗ್ತಾರೆ. ಇದಕ್ಕೆ ಉತ್ತರ, ಆ ಜಾಗದಲ್ಲಿ ಸಣ್ಣ ಮನೆಗಳಿಗೂ ಬಾಡಿಗೆ ಮನೆಗಳಿಗೂ ಕಡ್ಡಾಯವಾಗಿ ಪಾಲು ಇಡೋದು, ಮತ್ತೆ ವರ್ಷಗಟ್ಟಲೆ ಖಾಲಿ ಬಿಟ್ಟ ಸೈಟಿಗೆ ತೆರಿಗೆ ಏರಿಸೋದು. ಖಾಲಿ ಸೈಟು ಇಟ್ಟುಕೊಳ್ಳೋದು ದುಬಾರಿ ಆದರೆ ಮನೆ ಏಳುತ್ತೆ. ಮನೆ ಹೆಚ್ಚಾದರೆ ಬಾಡಿಗೆ ಹಿಡಿತದಲ್ಲಿರುತ್ತೆ, ಬಸ್ಸಿಗೂ ಜನ ಸಿಗ್ತಾರೆ.

ನಮ್ಮ ಕೈಯಲ್ಲಿ ಇರೋದು

ನಮ್ಮಲ್ಲಿ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಅದರ ಪ್ರಕಾರ ಮಾಸ್ಟರ್ ಪ್ಲಾನ್ ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಣೆ ಆಗಬೇಕು, ಅಂತಿಮಗೊಳಿಸುವ ಮುನ್ನ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಆ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತೆ. ಜಮೀನಿರುವವರು, ಲೇಔಟ್ ಮಾಡುವವರು ತಪ್ಪದೇ ಓದ್ತಾರೆ, ತಪ್ಪದೇ ಅರ್ಜಿ ಹಾಕ್ತಾರೆ. ಬಸ್ಸಲ್ಲಿ ಹೋಗುವವರಿಗೆ ಅಂಥ ಪ್ರಕಟಣೆ ಬಂದದ್ದೇ ಗೊತ್ತಾಗಲ್ಲ. ಹೀಗಾಗಿ ನಕ್ಷೆ ಯಾರ ಪರವಾಗಿ ತಿದ್ದುಪಡಿ ಆಗುತ್ತೆ ಅಂತ ಬೇರೆ ಹೇಳಬೇಕಿಲ್ಲ.

ಟೂಡಾ ಕಚೇರಿಗೆ ಹೋಗಿ ನಕ್ಷೆ ಕೇಳಿ ನೋಡಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ನಿಮ್ಮ ಪಂಚಾಯಿತಿಯ ಗ್ರಾಮಸಭೆಯಲ್ಲಿ ಹೊಸ ಲೇಔಟ್ ವಿಷಯ ಬಂದಾಗ ನೀರು, ಚರಂಡಿ ಜೊತೆಗೆ "ಹತ್ತಿರದ ಬಸ್ ಸ್ಟಾಪ್ ಎಷ್ಟು ದೂರ?" ಅನ್ನೋದನ್ನೂ ಕೇಳಿ. ಆಸ್ತಿ ತೆರಿಗೆ ರಸೀದಿಯಲ್ಲಿ ನಗರ ಸಾರಿಗೆ ಸೆಸ್ ಅಂತ ಒಂದು ಸಾಲು ಇದ್ದರೆ, ಆ ದುಡ್ಡು ನಮ್ಮ ಊರಿನ ಯಾವ ಬಸ್ಸಿಗೆ ಹೋಯಿತು ಅಂತ ಕೇಳಿ. ಜಿಲ್ಲಾ ಪಂಚಾಯಿತಿ ಚುನಾವಣೆ ಬಂದು ಯಾರಾದರೂ ಮೆಟ್ರೊ ತರ್ತೀನಿ ಅಂತ ಮತ ಕೇಳಿದರೆ, "ಅದು ಬರುವ ತನಕ ನಮ್ಮ ಕಡೆ ಎಷ್ಟು ಲೇಔಟಿಗೆ ಬಸ್ ಇಲ್ಲದೇ ಅನುಮತಿ ಸಿಗುತ್ತೆ?" ಅಂತ ಕೇಳಿ. ಉತ್ತರ ಬರದಿದ್ದರೂ, ಇದನ್ನು ನೋಡ್ತಿರೋರೂ ಇದ್ದಾರೆ ಅಂತ ಅವರಿಗೆ ಗೊತ್ತಾಗುತ್ತೆ.